ಪಲ್ಯ ಮುಟ್ಟದ ಮನೆಯವರಿಗೆ ರಾತ್ರಿ ಊಟ

“ನಮ್ಮ ಮನೆಯವರು ತರಕಾರಿ ಮುಟ್ಟುವುದೇ ಇಲ್ಲ. ಅನ್ನ, ತಿಳಿಸಾರು, ಒಂದು ಹೋಳು ಉಪ್ಪಿನಕಾಯಿ, ಎರಡು ಹಪ್ಪಳ ಇದ್ದರೆ ಅವರ ಊಟ ಮುಗಿಯಿತು. ಮಾಡಿದ ಪಲ್ಯವನ್ನು ನಾನೇ ತಿನ್ನಬೇಕು, ಇಲ್ಲವೇ ಚೆಲ್ಲಬೇಕು. ಏನು ಮಾಡಲಿ?”

ಚನ್ನಗಿರಿಯಾಗಲಿ, ಹೊನ್ನಾಳಿ, ನ್ಯಾಮತಿಯಾಗಲಿ, ಜಗಳೂರಾಗಲಿ, ಈ ದೂರು ಕೇಳಿಬರದ ಊರಿಲ್ಲ. ಕೆಲವು ಮನೆಗಳಲ್ಲಿ ತರಕಾರಿ ಬೇಡವೆನ್ನುವವರು ಹೆಂಡತಿಯೇ ಆಗಿರಬಹುದು. ಆದರೆ ಹೆಚ್ಚಿನ ಮನೆಗಳಲ್ಲಿ ಅದು ಯಜಮಾನರ ಹಟ. ಮದುವೆಯಾದ ಹೊಸತರಲ್ಲಿ ಇದು ತಮಾಷೆಯ ಮಾತು. ನಲವತ್ತು ದಾಟಿದ ಮೇಲೆ ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದಾಗ ಅದೇ ಚಿಂತೆಯ ಮಾತಾಗುತ್ತದೆ. ವೈದ್ಯರು “ಸೊಪ್ಪು ತರಕಾರಿ ಹೆಚ್ಚು ತಿನ್ನಿ” ಎಂದು ಹೇಳಿ ಕಳಿಸುತ್ತಾರೆ. ಇಪ್ಪತ್ತು ವರ್ಷ ತಿನ್ನದವರಿಗೆ ಇವತ್ತಿನ ರಾತ್ರಿ ತಿನ್ನಿಸುವುದು ಹೇಗೆ ಎಂಬುದು ಮಾತ್ರ ಅಡುಗೆ ಮಾಡುವವರ ಪಾಲಿಗೇ ಉಳಿಯುತ್ತದೆ. ಈ ವಾರ ಅದನ್ನೇ ನೋಡೋಣ.

ಎಷ್ಟು ಬೇಕು, ಏಕೆ ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವ ಲೆಕ್ಕದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ ಮತ್ತು ಹಣ್ಣು 100 ಗ್ರಾಂ ಇವೆ. ನಮ್ಮ ತಟ್ಟೆಗಳಲ್ಲಿ ಈ ಲೆಕ್ಕ ತಲೆಕೆಳಗಾಗಿರುತ್ತದೆ. ಅನ್ನ ಗುಡ್ಡದಷ್ಟು, ಪಲ್ಯ ಕುಂಕುಮದಷ್ಟು!

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ರಕ್ತದೊತ್ತಡ ಇರುವವರು ಇನ್ನೂ ಹೆಚ್ಚು. ತರಕಾರಿ ತಿಂದರೆ ಈ ಕಾಯಿಲೆಗಳು ಮಾಯವಾಗುತ್ತವೆ ಎಂದು ಯಾರೂ ಹೇಳಲಾರರು. ಆದರೆ ತರಕಾರಿಯ ನಾರಿನಂಶವು ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ, ಮಲಬದ್ಧತೆಯನ್ನು ತಡೆಯುತ್ತದೆ. ತರಕಾರಿಯಲ್ಲಿರುವ ಪೊಟ್ಯಾಸಿಯಂ ರಕ್ತದೊತ್ತಡದ ಹತೋಟಿಗೆ ನೆರವಾಗುತ್ತದೆ.

ಇನ್ನೊಂದು ಮಾತು. ಪಲ್ಯ ಬಿಡುವವರು ಬರೀ ಪಲ್ಯ ಬಿಟ್ಟು ಸುಮ್ಮನಿರುವುದಿಲ್ಲ. ನಂಜಿಕೊಳ್ಳಲು ಏನಾದರೂ ಬೇಕಲ್ಲ! ಆ ಜಾಗಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬರುತ್ತವೆ. ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೀಗೆ ಪಲ್ಯ ಬಿಟ್ಟವರಿಗೆ ನಷ್ಟ ಎರಡು ಕಡೆಯಿಂದ.

ಮೊದಲು ಕಾರಣ ಹುಡುಕಿ

“ತರಕಾರಿ ಬೇಡ” ಎನ್ನುವವರನ್ನು ಒಮ್ಮೆ ಸಮಾಧಾನವಾಗಿ ಕೇಳಿ ನೋಡಿ: ಯಾವುದು ಬೇಡ? ಏಕೆ ಬೇಡ? ಎಲ್ಲ ತರಕಾರಿಯನ್ನೂ ಬೇಡವೆನ್ನುವವರು ಕಡಿಮೆ. ಎಣ್ಣೆಗಾಯಿ ಮಾಡಿದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿನ್ನುವವರೇ ಬದನೆಕಾಯಿ ಹುಳಿಯ ಹೋಳನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಅವರಿಗೆ ಬೇಡವಾಗಿರುವುದು ಬದನೆಕಾಯಿ ಅಲ್ಲ, ಅದು ಬೆಂದು ಮೆತ್ತಗಾಗಿರುವ ರೀತಿ.

ಕೋಸಿನ ವಾಸನೆ ಆಗದು ಎನ್ನುವವರಿದ್ದಾರೆ. ಕೋಸನ್ನು ಬಹಳ ಹೊತ್ತು ಬೇಯಿಸಿದಷ್ಟೂ ಗಂಧಕದ ವಾಸನೆ ಹೆಚ್ಚುತ್ತದೆ. ಸಣ್ಣಗೆ ಹೆಚ್ಚಿ, ಒಗ್ಗರಣೆಯಲ್ಲಿ ಐದಾರು ನಿಮಿಷ ಬಾಡಿಸಿ ಇಳಿಸಿದರೆ ಆ ದೂರು ಅರ್ಧ ಕಡಿಮೆಯಾಗುತ್ತದೆ. ಬೆಂಡೆಕಾಯಿಯ ಲೋಳೆ ಆಗದವರಿಗೆ, ತೊಳೆದು ಚೆನ್ನಾಗಿ ಒರೆಸಿ, ಹೆಚ್ಚಿ, ಮುಚ್ಚಳ ಹಾಕದೆ ಹುರಿದು, ಕೊನೆಗೆ ಹುಳಿ ಸೇರಿಸಿ. ಗೋರಿಕಾಯಿ ನಾರು ಎನ್ನುವವರಿಗೆ ಎಳೆಯದನ್ನೇ ಆರಿಸಿ, ನಾರು ತೆಗೆದು, ಶೇಂಗಾ ಪುಡಿ ಹಾಕಿ ಮಾಡಿ.

ಕಹಿಯ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಪ್ರಯೋಗಾಲಯದಲ್ಲಿ ಒಂದು ಪುಡಿಯನ್ನು ಸುರಿಯುತ್ತಿದ್ದಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಹಳ ಕಹಿ ಎಂದರು. ಫಾಕ್ಸ್ ಅವರಿಗೆ ಏನೂ ರುಚಿಯೇ ತಿಳಿಯಲಿಲ್ಲ. ಕೆಲವು ಬಗೆಯ ಕಹಿ ಒಬ್ಬರ ನಾಲಿಗೆಗೆ ಗೊತ್ತಾಗುತ್ತದೆ, ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ಮತ್ತು ಇದು ವಂಶದಿಂದ ಬರುವ ಗುಣ ಎಂಬುದು ಆಮೇಲೆ ಖಚಿತವಾಯಿತು. ಕೋಸು, ಮೂಲಂಗಿಯ ಜಾತಿಯ ತರಕಾರಿಗಳಲ್ಲಿ ಇಂಥದೇ ಕಹಿಯ ಅಂಶಗಳಿವೆ. ಆದ್ದರಿಂದ “ನಿಮಗೆ ಬರೀ ಸೊಕ್ಕು” ಎಂದು ಬೈಯುವ ಮುನ್ನ ಸ್ವಲ್ಪ ಯೋಚಿಸಿ. ಅವರ ನಾಲಿಗೆಗೆ ನಿಜವಾಗಿಯೂ ಕಹಿಯಾಗಿರಬಹುದು. ಹುಳಿ, ಕಾಯಿತುರಿ, ಶೇಂಗಾ ಪುಡಿ ಇಂಥ ಕಹಿಯನ್ನು ಅಡಗಿಸುತ್ತವೆ.

ಬಾಯಿಯನ್ನೂ ನೋಡಿ

ಮೊದಲು ತಿನ್ನುತ್ತಿದ್ದವರು ಈಚೆಗೆ ತರಕಾರಿ ಬಿಟ್ಟಿದ್ದರೆ ಅದನ್ನು ಹಟ ಎಂದುಕೊಳ್ಳಬೇಡಿ. ಹುಳುಕು ಹಲ್ಲು, ಅಲುಗಾಡುವ ಹಲ್ಲು ಇದ್ದವರಿಗೆ ಹಸಿ ಕೋಸಂಬರಿ, ನಾರಿನ ಪಲ್ಯ ಅಗಿಯಲು ಆಗುವುದಿಲ್ಲ. ಹೇಳಿಕೊಳ್ಳಲು ಸಂಕೋಚಪಟ್ಟು “ಬೇಡ” ಎಂದುಬಿಡುತ್ತಾರೆ.

ಚನ್ನಗಿರಿ ಅಡಿಕೆಯ ನಾಡು. ಅಡಿಕೆ, ಗುಟ್ಕಾ ಜಗಿಯುವ ಅಭ್ಯಾಸವಿರುವವರಿಗೆ ಖಾರ ತಾಗಿದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗುವುದು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡುಬಂದರೆ ತಡಮಾಡದೆ ದಂತ ವೈದ್ಯರಿಗೆ ತೋರಿಸಿ. ಇದು ಮುಂದೆ ಬಾಯಿಯ ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆ ಜಗಿಯುವುದನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಬಹಳ ವರ್ಷಗಳಾದವು. ಇಂಥ ತೊಂದರೆಗೆ ಅಡುಗೆಮನೆಯಲ್ಲಿ ಮದ್ದಿಲ್ಲ.

ಮೆಚ್ಚಿನ ಅಡುಗೆಯಿಂದಲೇ ಆರಂಭಿಸಿ

ಕಾರಣ ತಿಳಿದ ಮೇಲೆ ಹೊಸ ತಿಂಡಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವರು ಈಗ ಮೆಚ್ಚಿ ತಿನ್ನುವ ಸಾರು, ರೊಟ್ಟಿ, ಚಟ್ನಿಗಳ ಒಳಗೇ ತರಕಾರಿಗೆ ಜಾಗ ಮಾಡಿ. ಪಲ್ಯವೆಂದು ಪಕ್ಕಕ್ಕೆ ಬಡಿಸಿದ್ದನ್ನು ಬಿಡುವುದು ಸುಲಭ. ಸಾರಿನಲ್ಲಿ ಬೆರೆತದ್ದನ್ನು ಬಿಡುವುದು ಕಷ್ಟ. ನಾಲ್ಕು ಜನರ ಮನೆಗೆ ಹೊಂದುವ ಕೆಲವು ರಾತ್ರಿ ಊಟಗಳು ಇಲ್ಲಿವೆ.

ಬಸ್ಸಾರು, ಮುದ್ದೆ: ಒಂದು ಲೋಟ ಹೆಸರುಕಾಳು ಅಥವಾ ಅಲಸಂದೆಯನ್ನು ಮುಕ್ಕಾಲು ಬೇಯಿಸಿ. ಬಿಡಿಸಿ ತೊಳೆದ ಎರಡು ಕಟ್ಟು ದಂಟು, ಹರಿವೆ ಅಥವಾ ನುಗ್ಗೆ ಸೊಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದುಕೊಳ್ಳಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಕಾಯಿತುರಿ, ಹುಣಸೆಹಣ್ಣಿನ ಜೊತೆಗೆ ಬೆಂದ ಸೊಪ್ಪು ಕಾಳಿನ ಅರ್ಧ ಭಾಗವನ್ನು ಹಾಕಿ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿ. ಉಳಿದರ್ಧ ಒಗ್ಗರಣೆ ಹಾಕಿದ ಪಲ್ಯ. ಪಲ್ಯ ಮುಟ್ಟದವರೂ ಗಟ್ಟಿ ಸಾರಿನಲ್ಲಿ ತಮ್ಮ ಪಾಲಿನ ಸೊಪ್ಪು ತಿಂದಿರುತ್ತಾರೆ. ವಾರ ಕಳೆದಂತೆ ರುಬ್ಬುವುದನ್ನು ಕಡಿಮೆ ಮಾಡುತ್ತ ಬನ್ನಿ.

ರೊಟ್ಟಿ, ಎಣ್ಣೆಗಾಯಿ: ಜಗಳೂರು ಕಡೆ ಜೋಳದ ರೊಟ್ಟಿಗೆ ಎಣ್ಣೆಗಾಯಿ ಎಂದರೆ ಹಬ್ಬ. ಹೆಸರಿನಲ್ಲಿ ಎಣ್ಣೆ ಇದೆಯೆಂದು ತೇಲಿಸಬೇಕಾಗಿಲ್ಲ. ಅರ್ಧ ಕೆ.ಜಿ. ಎಳೆ ಬದನೆಕಾಯಿಗೆ ಹುರಿದ ಶೇಂಗಾ, ಗುರೆಳ್ಳು, ಬೆಳ್ಳುಳ್ಳಿ, ಖಾರದ ಪುಡಿಯ ಮಸಾಲೆ ತುಂಬಿ, ಮೂರು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಸಾಕು. ಜೊತೆಗೆ ಮೊಸರು, ಹಸಿ ಈರುಳ್ಳಿ, ಸೌತೆಕಾಯಿ ಇರಲಿ.

ತರಕಾರಿ ಅಕ್ಕಿರೊಟ್ಟಿ: ಹೊನ್ನಾಳಿ, ನ್ಯಾಮತಿಯ ಭತ್ತದ ಊರುಗಳಲ್ಲಿ ಅಕ್ಕಿಹಿಟ್ಟಿಗೆ ಬರವಿಲ್ಲ. ಎರಡು ಲೋಟ ಹಿಟ್ಟಿಗೆ ಎರಡು ಲೋಟ ತುರಿದ ಸೌತೆಕಾಯಿ, ಗಜ್ಜರಿ, ಹೆಚ್ಚಿದ ಮೆಂತ್ಯ ಅಥವಾ ಸಬ್ಬಸಿಗೆ ಸೊಪ್ಪು, ಈರುಳ್ಳಿ ಸೇರಿಸಿ. ತರಕಾರಿಯ ನೀರಿನಲ್ಲೇ ಹಿಟ್ಟು ಬಹುಮಟ್ಟಿಗೆ ಕಲೆಯುತ್ತದೆ. ನೆನೆದ ಹೆಸರುಬೇಳೆ ಒಂದು ಹಿಡಿ ಹಾಕಿದರೆ ಹೊಟ್ಟೆಗೆ ಇನ್ನಷ್ಟು ಆಧಾರ.

ಚಟ್ನಿ, ಮೊಸರು ಬಜ್ಜಿ: ಹೀರೆಕಾಯಿಯನ್ನು ಸಿಪ್ಪೆ ಸಮೇತ ಹುರಿದು, ಶೇಂಗಾ, ಹಸಿಮೆಣಸಿನಕಾಯಿ, ಹುಣಸೆಹಣ್ಣಿನೊಡನೆ ರುಬ್ಬಿ. ಸುಟ್ಟ ಬದನೆಕಾಯಿಯನ್ನು ಕಿವುಚಿ ಮೊಸರಿಗೆ ಹಾಕಿ. ಉಪ್ಪಿನಕಾಯಿಯ ಜಾಗವನ್ನು ಇವು ತುಂಬುತ್ತವೆ. ಮಾಂಸಾಹಾರದ ಮನೆಗಳಲ್ಲಿ ಕೋಳಿ ಸಾರಿಗೆ ಮೆಂತ್ಯ ಸೊಪ್ಪು, ಮೊಟ್ಟೆ ಪಲ್ಯಕ್ಕೆ ನುಗ್ಗೆ ಸೊಪ್ಪು ಚೆನ್ನಾಗಿ ಹೊಂದುತ್ತವೆ.

ಸೊಪ್ಪಿಗೆ ಪೇಟೆಯನ್ನೇ ನಂಬಬೇಕಾಗಿಲ್ಲ. ಹಿತ್ತಲಿನಲ್ಲಿ ಒಂದು ನುಗ್ಗೆ ಮರವಿದ್ದರೆ ಮಳೆ ಕಡಿಮೆಯಾದ ವರ್ಷವೂ ಸೊಪ್ಪು ಸಿಗುತ್ತದೆ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಅಣ್ಣೆ ಸೊಪ್ಪು, ಬೆರಕೆ ಸೊಪ್ಪು ಹೇರಳ. ಆದರೆ ಮೆಕ್ಕೆಜೋಳದ ಹೊಲಗಳಿಗೆ ಈಗ ಕಳೆನಾಶಕ ಹೊಡೆಯುವುದು ಸಾಮಾನ್ಯ. ಔಷಧಿ ಹೊಡೆದ ಹೊಲದ, ಅದರ ಬದುವಿನ ಸೊಪ್ಪನ್ನು ಕಿತ್ತು ತರಬೇಡಿ.

“ಹೊಟ್ಟೆ ತುಂಬಲಿಲ್ಲ” ಎಂದರೆ?

ಅನ್ನ ಕಡಿಮೆ ಮಾಡಿ ತರಕಾರಿ ಹೆಚ್ಚಿಸಿದ ಮೊದಲ ರಾತ್ರಿಯೇ ಈ ಮಾತು ಬರುತ್ತದೆ. ಅದರಲ್ಲಿ ನ್ಯಾಯವೂ ಇದೆ. ಬರೀ ಸೋರೆಕಾಯಿ ಪಲ್ಯ ತಿಂದವರಿಗೆ ಹತ್ತು ಗಂಟೆಗೆ ಹಸಿವಾಗದೆ ಇರದು. ಹಸಿವನ್ನು ತಡೆದು ನಿಲ್ಲಿಸುವುದು ನಾರು ಮತ್ತು ಪ್ರೋಟೀನ್ ಎರಡೂ ಸೇರಿದಾಗ. ಆದ್ದರಿಂದ ತರಕಾರಿಯ ಜೊತೆ ಕಾಳು, ಬೇಳೆ, ಮೊಸರು, ಮೊಟ್ಟೆ ಯಾವುದಾದರೊಂದು ಇರಲೇಬೇಕು.

100 ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನಂಶ 3 ಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿ ಅಥವಾ ಜೋಳದಲ್ಲಿ ಸುಮಾರು 10ರಿಂದ 11 ಗ್ರಾಂ ಇದೆ. ಹಾಗೆಂದು ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಎರಡು ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಒಂದೇ ಇರಲಿ, ಸಾರು ಗಟ್ಟಿಯಾಗಿರಲಿ.

ಬಡಿಸುವ ಕ್ರಮವೂ ಮುಖ್ಯ. ಜಪಾನ್ ಮತ್ತು ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಸಣ್ಣ ಪ್ರಯೋಗಗಳಲ್ಲಿ, ಅದೇ ಊಟವನ್ನು ತರಕಾರಿ ಮೊದಲು, ಅನ್ನ ಅಥವಾ ಬ್ರೆಡ್ಡು ಕೊನೆಗೆ ಎಂಬ ಕ್ರಮದಲ್ಲಿ ತಿಂದಾಗ ಊಟದ ನಂತರದ ಸಕ್ಕರೆ ಕಡಿಮೆ ಏರಿತು. ನಮ್ಮ ಬಾಳೆಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬೀಳುತ್ತವಲ್ಲವೇ? ದಿನದ ಊಟಕ್ಕೂ ಅದೇ ಪದ್ಧತಿ ಇರಲಿ. ಹಸಿವು ಜೋರಾಗಿರುವಾಗ ಮೊದಲು ಬಂದದ್ದನ್ನು ಯಾರೂ ತಳ್ಳುವುದಿಲ್ಲ.

ಹಸಿವು ಎಂದಾಗ ಸಂಜೆಯ ಮಂಡಕ್ಕಿ, ಮಿರ್ಚಿಯ ನೆನಪಾಗಲೇಬೇಕು. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಅದನ್ನು ಬಿಡಿ ಎಂದರೆ ಯಾರು ಕೇಳುತ್ತಾರೆ? ಆದರೆ ಆರೂವರೆಗೆ ನಾಲ್ಕು ಮಿರ್ಚಿ ತಿಂದು ಬಂದವರಿಗೆ ಎಂಟೂವರೆಯ ಪಲ್ಯ ರುಚಿಸದು. ಮಿರ್ಚಿ ವಾರಕ್ಕೊಮ್ಮೆ ಇರಲಿ. ಉಳಿದ ದಿನ ಮನೆಯಲ್ಲೇ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಮೊಳಕೆ ಕಾಳು, ನಿಂಬೆರಸ ಬೆರೆಸಿ ಕೊಡಿ.

ಬಲವಂತ ಬೇಡ, ಮೋಸವೂ ಬೇಡ

ರುಬ್ಬಿ ಹಾಕಿದ್ದನ್ನು ಮುಚ್ಚಿಡಬೇಕಾಗಿಲ್ಲ. ಕೇಳಿದರೆ “ನುಗ್ಗೆ ಸೊಪ್ಪು ಹಾಕಿದ್ದೇನೆ” ಎಂದು ಹೇಳಿ. ಗೊತ್ತಿಲ್ಲದೆ ತಿಂದವರು ಮನೆಯ ಹೊರಗೆ ತರಕಾರಿ ಆರಿಸಿಕೊಳ್ಳುವುದನ್ನು ಕಲಿಯುವುದಿಲ್ಲ. ಒಮ್ಮೆ ಬೇಡವೆಂದದ್ದನ್ನು ಹತ್ತು ದಿನ ಬಿಟ್ಟು ಬೇರೆ ರೀತಿಯಲ್ಲಿ ಮಾಡಿ, ಒಂದೆರಡು ಚಮಚ ಮಾತ್ರ ಬಡಿಸಿ. ನಾಲಿಗೆ ಒಗ್ಗಿಕೊಳ್ಳಲು ಎಂಟು ಹತ್ತು ಬಾರಿಯ ರುಚಿ ಬೇಕಾಗಬಹುದು. ಮಕ್ಕಳೆದುರು “ನಿಮ್ಮಪ್ಪ ತಿನ್ನಲ್ಲ” ಎನ್ನಬೇಡಿ. ಮರುದಿನದಿಂದ ಮಕ್ಕಳೂ ತಿನ್ನುವುದಿಲ್ಲ.

ಯಜಮಾನರಿಗೂ ಒಂದು ಮಾತು. ವಾರದ ಸಂತೆಗೆ ಚೀಲ ಹಿಡಿದು ನೀವೇ ಹೋಗಿ. ನಿಮಗೆ ಒಗ್ಗುವ ನಾಲ್ಕು ತರಕಾರಿಯನ್ನು ನೀವೇ ಆರಿಸಿ ತನ್ನಿ, ಕೂತು ಸೊಪ್ಪು ಬಿಡಿಸಿಕೊಡಿ. ತಾವೇ ಬಿಡಿಸಿದ ಸೊಪ್ಪನ್ನು ತಟ್ಟೆಯಲ್ಲಿ ಬಿಡಲು ಮನಸ್ಸು ಬರುವುದಿಲ್ಲ. ನಿಮಗೊಂದು, ಮಕ್ಕಳಿಗೊಂದು ಎಂದು ಎರಡು ಅಡುಗೆ ಮಾಡಿ, ಉಳಿದದ್ದನ್ನು ಕೊನೆಗೆ ಒಬ್ಬರೇ ಕೂತು ತಿನ್ನುವವರ ಆರೋಗ್ಯವೂ ಈ ಮನೆಯದೇ ಅಲ್ಲವೇ?

ನೆನಪಿಡಿ

• ರಾತ್ರಿ ಊಟದಲ್ಲಿ ಒಬ್ಬೊಬ್ಬರಿಗೆ ಸೊಪ್ಪು, ತರಕಾರಿ ಸೇರಿ 150ರಿಂದ 200 ಗ್ರಾಂ ಗುರಿ ಇರಲಿ. ಮೊದಲ ವಾರ ಅದರಲ್ಲಿ ಅರ್ಧವಾದರೂ ಸಾಕು.

• ಆಲೂಗಡ್ಡೆ ಪಲ್ಯವನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಬೇಡಿ. ಅದು ಅನ್ನದ ಪಾಲಿಗೆ ಸೇರಿದ್ದು.

• ಸೊಪ್ಪಿನ ಅಡುಗೆಗೆ ಬಡಿಸುವಾಗ ನಿಂಬೆರಸ ಹಿಂಡಿ. ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸೇರುತ್ತದೆ. ಊಟದ ಜೊತೆಗೆ ಚಹಾ, ಕಾಫಿ ಬೇಡ.

• ನಾರಿನ ಆಹಾರವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ. ನಿಧಾನವಾಗಿ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

• ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ತರಕಾರಿಯ ಪ್ರಮಾಣ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಇವತ್ತು ರಾತ್ರಿ ಹೊಸದೇನೂ ಬೇಡ. ಮಾಡುವ ಸಾರಿಗೇ ಒಂದು ಕಟ್ಟು ಸೊಪ್ಪು ಹೆಚ್ಚಿಗೆ ಹಾಕಿ ನೋಡಿ.