ತರಗೆಲೆ ರಾಶಿಗೆ ಕಣಜ ಬಂದರೆ

ಪ್ರಶ್ನೆ: ಹಿತ್ತಲಲ್ಲಿ ಮಾವು, ಹೊಂಗೆ ಎಲೆಗಳನ್ನು ಗೊಬ್ಬರಕ್ಕೆ ಹಾಕಿದ್ದೇವೆ. ಕಣಜ ಸುತ್ತುತ್ತಿವೆ, ಮನೆಯಲ್ಲಿ ಮಗುವಿದೆ.

ಉತ್ತರ: ಮೊದಲು ದೂರದಿಂದ ಗಮನಿಸಿ. ಕಣಜಗಳು ಒಂದೇ ತೂತಿನಲ್ಲಿ ಹೋಗಿ ಬರುತ್ತಿದ್ದರೆ ಒಳಗೆ ಗೂಡಿರಬಹುದು. ಕೆದಕಬೇಡಿ, ಬೆಂಕಿ, ಸೀಮೆಎಣ್ಣೆ ಖಂಡಿತ ಬೇಡ. ಕೀಟ ನಿಯಂತ್ರಣದವರನ್ನು ಕರೆಸಿ.

ಗೂಡಿಲ್ಲವೆ? ಹಾಗಾದರೆ ಹಣ್ಣಿನ ಸಿಪ್ಪೆ, ಅಡುಗೆಮನೆಯ ಕಸ ಹಾಕುವುದನ್ನು ನಿಲ್ಲಿಸಿ. ಕಣಜಗಳನ್ನು ಸೆಳೆಯುವುದು ಆ ಸಿಹಿಯೇ. ಬರೀ ತರಗೆಲೆ ಸಾಕು. ಚೂರು ಮಾಡಿ, ಹಿಂಡಿದ ಬಟ್ಟೆಯಷ್ಟು ತೇವ ಮಾಡಿ, ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ನೆರಳಲ್ಲಿಡಿ. ಒಣಗಲು ಬಿಡಬೇಡಿ, ಆಗಾಗ ಮಗುಚಿ. ಮಾವಿನೆಲೆ ದಪ್ಪ, ವರ್ಷವೇ ಹಿಡಿಯಬಹುದು; ಅವಸರಪಡಬೇಡಿ.

ಕಣಜ ಕುಟುಕಿದ ಮೇಲೆ ಮುಖ, ತುಟಿ ಊದಿದರೆ, ಉಸಿರಾಟ ಕಷ್ಟವಾದರೆ ಕಾಯದೆ 108ಕ್ಕೆ ಕರೆ ಮಾಡಿ.