ಕಿವಿ ಕೇಳುತ್ತದೆ, ಮಾತು ತಲುಪುವುದಿಲ್ಲ

ಗಂಜಾಂನ ತಾಯಿಯವರಿಗೆ,

ಎಂಟು ವರ್ಷದ ಮಗ ಒಬ್ಬನೇ ಇದ್ದಾಗ ಹೇಳಿದ್ದೆಲ್ಲ ಕೇಳಿಸಿಕೊಳ್ಳುತ್ತಾನೆ, ತರಗತಿಯಲ್ಲಿ ಮಾತ್ರ ಮಾತುಮಾತಿಗೂ ‘ಆಂ?’ ಅನ್ನುತ್ತಾನೆ, ಎರಡು ಕೆಲಸ ಹೇಳಿದರೆ ಒಂದನ್ನೇ ಮಾಡಿ ಬರುತ್ತಾನೆ ಎಂದು ಬರೆದಿದ್ದೀರಿ. ಅದಕ್ಕಾಗಿ ಅವನಿಗೆ ಏಟು ಬಿದ್ದದ್ದು ಅನ್ಯಾಯ. ಅವನದು ಉಡಾಫೆಯೇ ಆಗಿರಬೇಕಿಲ್ಲ. ಕಿವಿ ಸರಿಯಿದ್ದೂ, ಗದ್ದಲದ ನಡುವೆ ಮಾತನ್ನು ಬೇರ್ಪಡಿಸಿಕೊಳ್ಳಲು ಮಿದುಳು ತಿಣುಕಾಡುವ ತೊಂದರೆಯೊಂದಿದೆ.

ಆದರೆ ಅದೇ ಇರಬೇಕೆಂದು ಈಗಲೇ ತೀರ್ಮಾನಿಸಬೇಡಿ. ನೆಗಡಿಯಿಂದ ಕಿವಿಯೊಳಗೆ ನೀರು ತುಂಬಿದ್ದರೂ ಹೀಗೇ ಆಗುತ್ತದೆ. ಗಮನದ ಕೊರತೆ, ಭಾಷೆಯ ತೊಡಕು ಕೂಡ ಹೀಗೇ ಕಾಣುತ್ತವೆ. ಮೊದಲು ಕಿವಿ ಪರೀಕ್ಷೆ.

ನಿಮಗೆ ಮೈಸೂರು ಹತ್ತಿರ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ಈ ತೊಂದರೆಯ ಸುಳಿವು ಹಿಡಿಯಲು ಅಲ್ಲಿ ಆಶಾ ಯತಿರಾಜ್ ಮತ್ತು ಸಂಗಡಿಗರು ರೂಪಿಸಿದ 12 ಪ್ರಶ್ನೆಗಳ ಪಟ್ಟಿಯಿದೆ, ಟೀಚರ್ ಉತ್ತರಿಸುವಂಥದ್ದು. ಅರ್ಧಕ್ಕಿಂತ ಹೆಚ್ಚು ‘ಹೌದು’ ಬಂದರೆ ಮುಂದಿನ ಪರೀಕ್ಷೆ: ಗದ್ದಲದ ನಡುವೆ ಪದ ಗುರುತಿಸುವುದು, ಎರಡೂ ಕಿವಿಗೆ ಒಮ್ಮೆಲೇ ಬೇರೆಬೇರೆ ಪದ ಕೇಳಿಸುವುದು, ಶಬ್ದದ ನಡುವಿನ ಪುಟ್ಟ ಬಿಡುವನ್ನು ಪತ್ತೆಹಚ್ಚುವುದು. ಏಳು ವರ್ಷಕ್ಕಿಂತ ಚಿಕ್ಕವರಲ್ಲಿ ಫಲಿತಾಂಶ ನಂಬಲಾಗದು. ನಿಮ್ಮ ಮಗನಿಗೆ ವಯಸ್ಸು ಸರಿಯಾಗಿದೆ. ಕನ್ನಡದಲ್ಲೇ ಪರೀಕ್ಷಿಸುವಂತೆ ಕೇಳಿ. ಬಾರದ ಇಂಗ್ಲಿಷಿನಲ್ಲಿ ಸೋತರೆ ಅದು ಕಿವಿಯ ಸೋಲಲ್ಲ.

ಈ ತೊಂದರೆಗೆ ಮಾತ್ರೆಯಿಲ್ಲ, ತರಬೇತಿಯಿದೆ. ಅಲ್ಲಿಯವರೆಗೆ ಮುಂದಿನ ಬೆಂಚು, ಎದುರು ನಿಂತು ಚಿಕ್ಕ ವಾಕ್ಯ, ಮಾತಾಡುವಾಗ ಟಿ.ವಿ. ಬಂದ್. ಟೀಚರಿಗೆ ಈ ಪತ್ರವನ್ನೇ ತೋರಿಸಿ.