ನಾಯಿಗೆ ಮೊದಲು ‘ಬಿಡು’, ಆಮೇಲೆ ‘ತಾ’



ಮುತ್ತಂಗದಂತಹ ಕಾಡಂಚಿನಲ್ಲಿ ಕಾವಲಿಗೆ ನಾಯಿ ಬೇಕು. ಎಸೆದದ್ದನ್ನು ತರಲು ಅದಕ್ಕೆ ಕಲಿಸುವುದು ಮಕ್ಕಳಿಗೂ ಸಂತೋಷ. ಆದರೆ ಕಚ್ಚಿದ್ದನ್ನು ಬಿಡದ ನಾಯಿ ನಾಳೆ ಸತ್ತ ಮಂಗವನ್ನೇ ಅಂಗಳಕ್ಕೆ ತಂದೀತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2015ರಲ್ಲಿ ನಮ್ಮ ವಯನಾಡಿನಲ್ಲೂ ಜೀವ ತೆಗೆದಿದೆ. ಅದನ್ನು ಹರಡುವ ಉಣುಗು ಸತ್ತ ಮಂಗದಿಂದ ಇಳಿದು ನಾಯಿಯ ಮೈಗೆ ಹತ್ತಬಹುದು.

ಕಲಿಸುವ ಕ್ರಮ ಹೀಗೆ:

1. ನಾಯಿ ಬಟ್ಟೆಯ ಉಂಡೆ ಕಚ್ಚಿದಾಗ ‘ಬಿಡು’ ಎಂದು ಮೂಗಿನ ಬಳಿ ಒಣಮೀನಿನ ಚೂರು ಹಿಡಿಯೋಣ. ಬಿಟ್ಟೊಡನೆ ಕೊಡೋಣ. ಕಿತ್ತುಕೊಳ್ಳಬಾರದು; ಎಳೆದಷ್ಟೂ ಬಿಗಿಯಾಗಿ ಕಚ್ಚುತ್ತದೆ.

2. ಇದು ಪಾಠವಾದ ಮೇಲೆ ಜಗಲಿಯಲ್ಲಿ ಉಂಡೆಯನ್ನು ಹತ್ತಿರಕ್ಕೆ ಎಸೆದು ‘ತಾ’ ಎನ್ನೋಣ. ತಪ್ಪಿಸಿಕೊಂಡು ಓಡಿದರೆ ಬೆನ್ನಟ್ಟದೆ ನಾವೇ ಹಿಂದಕ್ಕೆ ಸರಿಯೋಣ. ಅದು ನಮ್ಮತ್ತ ಬರುತ್ತದೆ.

3. ಆಮೇಲೆ ಉದ್ದ ಹಗ್ಗ ಕಟ್ಟಿ ಅಂಗಳದಲ್ಲಿ ಕಲಿಸೋಣ. ದಿನಕ್ಕೆ 5 ನಿಮಿಷ ಸಾಕು. ತಡವಾಗಿ ತಂದರೂ ಹೊಡೆಯಬಾರದು. ಹೊಡೆದರೆ ಮುಂದೆ ತರುವುದೇ ಇಲ್ಲ.

ಕಾಡಿನೊಳಗೆ ಈ ಪಾಠ ಬೇಡ. 1973ರಿಂದ ಅದು ವನ್ಯಧಾಮ. ನಾಯಿ ಬಿಟ್ಟು ಮೊಲ, ಜಿಂಕೆ ಹಿಡಿಸುವುದು ಅಪರಾಧ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸೋಣ. ನಾಯಿಗೆ ಹುಚ್ಚುರೋಗದ ಲಸಿಕೆಯನ್ನು ವರ್ಷ ವರ್ಷವೂ ತಪ್ಪದೆ ಹಾಕಿಸೋಣ.